ಮಾರ್ಚ್ 31, ಡಿಸೆಂಬರ್ 31, ಭರಣಿ ಮಳೆ

2021ರ ನವೆಂಬರ್‌ನಲ್ಲಿ ಜಂಟಿ ಸಂಶೋಧನೆಯ ಅನುದಾನಕ್ಕೆಂದು ನಾವು ಒಂದೇ ಅರ್ಜಿಯನ್ನು ಎರಡು ಕಡೆ ಹಾಕಿದೆವು. ನಾನು ದೆಹಲಿಯ ಪೋರ್ಟಲ್‌ನಲ್ಲಿ, ಫ್ರಾನ್ಸಿನ ತುಲೂಸ್‌ನಲ್ಲಿರುವ ನನ್ನ ಸಹಸಂಶೋಧಕಿ ಪ್ಯಾರಿಸ್‌ನ ಪೋರ್ಟಲ್‌ನಲ್ಲಿ. ಶೀರ್ಷಿಕೆ, ಸಾರಾಂಶ, ಕೆಲಸದ ಹಂತ, ತಂಡದವರ ಹೆಸರಿನ ಕಾಗುಣಿತ, ಎಲ್ಲವೂ ಎರಡೂ ಕಡೆ ಅಕ್ಷರಕ್ಕೆ ಅಕ್ಷರ ಹೊಂದಬೇಕಿತ್ತು. ಕೊನೆಯ ದಿನಕ್ಕೆ ಎರಡು ದಿನ ಉಳಿದಿರುವಾಗ ರಾತ್ರಿ ಹನ್ನೊಂದಕ್ಕೆ ಅವರ ಫೋನ್ ಬಂತು. ನನ್ನ ಶೀರ್ಷಿಕೆಯಲ್ಲಿ ಒಂದು ಹೈಫನ್ ಇದೆ, ಅವರದರಲ್ಲಿ ಇಲ್ಲ. ಅಲ್ಲಿ ಆಗ ಸಂಜೆ ಆರೂವರೆ. ಇಬ್ಬರೂ ಸಾಲು ಸಾಲಾಗಿ ಜೋರಾಗಿ ಓದುತ್ತಾ ಇಡೀ ಅರ್ಜಿಯನ್ನು ಮತ್ತೊಮ್ಮೆ ತಾಳೆ ನೋಡಿದೆವು. ಮುಗಿದಾಗ ನಮ್ಮಲ್ಲಿ ಒಂದೂವರೆ ಗಂಟೆ ರಾತ್ರಿ.

ನಮಗೆ ಸಿಕ್ಕ ಅನುದಾನದ ಕ್ರಮ ಹೀಗಿತ್ತು: ಅರ್ಜಿಯನ್ನು ಎರಡೂ ದೇಶಗಳು ಬೇರೆ ಬೇರೆಯಾಗಿ ಪರಿಶೀಲಿಸುತ್ತವೆ, ಎರಡೂ ಪಟ್ಟಿಯಲ್ಲಿ ಇದ್ದದ್ದು ಮಾತ್ರ ಜಂಟಿ ಸಮಿತಿಯ ಮುಂದೆ ಹೋಗುತ್ತದೆ. ಇಲ್ಲಿ ಪಾಸಾಗಿ ಅಲ್ಲಿ ಬಿದ್ದರೆ ಎರಡೂ ಕಡೆ ಬಿದ್ದಂತೆಯೇ. ಆಯ್ಕೆಯಾದರೆ ನಮ್ಮ ಖರ್ಚು ನಮ್ಮ ಸರ್ಕಾರದ್ದು, ಅವರ ಖರ್ಚು ಅವರ ಸರ್ಕಾರದ್ದು. ಎಲ್ಲ ಜಂಟಿ ಅನುದಾನವೂ ಹೀಗೇ ಇರುವುದಿಲ್ಲ. 1987ರಲ್ಲಿ ಶುರುವಾದ, ದೆಹಲಿಯಲ್ಲಿರುವ ಭಾರತ–ಫ್ರಾನ್ಸ್ ಸಂಶೋಧನಾ ಕೇಂದ್ರ, ಎಲ್ಲರ ಬಾಯಲ್ಲೂ ಸೆಫಿಪ್ರಾ, ಎರಡೂ ಸರ್ಕಾರಗಳ ದುಡ್ಡನ್ನು ಒಂದೇ ಗಂಟಿನಲ್ಲಿಟ್ಟು ಹಂಚುತ್ತದೆ. ಬ್ರಿಟನ್ ಜೊತೆಗಿನ ಯುಕಿಯೆರಿ 2006ರಲ್ಲಿ ಬಂತು, ಆಸ್ಟ್ರೇಲಿಯಾ ಜೊತೆಗಿನ ನಿಧಿಯೂ ಅದೇ ವರ್ಷ. ಐಐಟಿ ಖರಗ್‌ಪುರ ನೋಡಿಕೊಳ್ಳುವ ಸ್ಪಾರ್ಕ್ 2018ರದ್ದು. ಒಂದೊಂದರ ನಡೆಯೂ ಬೇರೆ. ಹೊಸದಾಗಿ ಅರ್ಜಿ ಹಾಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ದುಡ್ಡು ಒಂದು ಗಂಟೋ, ಎರಡು ಗಂಟೋ? ಎರಡಾದರೆ ಎರಡು ಪಂಚಾಂಗ ಇಟ್ಟುಕೊಂಡು ಬದುಕಬೇಕಾಗುತ್ತದೆ. ನಾವು ಬದುಕಿದ್ದು ಹಾಗೆ. ಮೂರನೆಯದೊಂದು ಪಂಚಾಂಗವೂ ಇತ್ತು, ಮಳೆಯದು. ಅದನ್ನು ಕೇಳುವ ಕಾಲಂ ಎರಡೂ ಪೋರ್ಟಲ್‌ನಲ್ಲಿ ಇರಲಿಲ್ಲ.

ನಮ್ಮ ಕೆಲಸ ಗುಂಡ್ಲುಪೇಟೆ ತಾಲ್ಲೂಕಿನ ಒಂದು ಸಣ್ಣ ಜಲಾನಯನದಲ್ಲಿ. ಭಾರತ–ಫ್ರಾನ್ಸ್ ನಂಟಿಗೆ ಆ ಸೀಮೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2001ರಿಂದ ಎರಡೂ ದೇಶದವರು ಕೂಡಿ ನಡೆಸುವ ಜಲವಿಜ್ಞಾನ ಘಟಕ ಇದೆ. ಅದರವರು ಬಂಡೀಪುರ ಕಾಡಿನೊಳಗಿನ ಮೂಲೆಹೊಳೆಯಲ್ಲೂ, ಊರುಕೇರಿ ಹೊಲಗದ್ದೆಗಳಿರುವ 84 ಚದರ ಕಿಲೋಮೀಟರಿನ ಬೇರಂಬಾಡಿ ಜಲಾನಯನದಲ್ಲೂ ವರ್ಷಾನುಗಟ್ಟಲೆ ನೀರು ಅಳೆದಿದ್ದಾರೆ. ಒಂದು ಕಡೆ ಕಾಡು, ಪಕ್ಕದಲ್ಲೇ ಬೋರ್‌ವೆಲ್ ಬೇಸಾಯ. ಇವೆರಡನ್ನೂ ಜೊತೆಗಿಟ್ಟು ಹೋಲಿಸಲು ಅಷ್ಟು ಅನುಕೂಲದ ಜಾಗ ಅಪರೂಪ. ನಾನು ಅವರ ತಂಡದವಳಲ್ಲ. ಒಂದು ರಾಜ್ಯ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ಪಾಠ ಮಾಡುವವಳು. ಆದರೆ ಅವರ ಪ್ರಬಂಧಗಳನ್ನು ಓದಿಯೇ ನನ್ನ ಪ್ರಶ್ನೆ ಹುಟ್ಟಿದ್ದು: ಕೆರೆಗೆ ನೀರು ತುಂಬಿದರೆ ಸುತ್ತಲಿನ ಬೋರ್‌ವೆಲ್‌ಗೆ ಅದರಲ್ಲಿ ಎಷ್ಟು ಇಳಿಯುತ್ತದೆ, ಎಷ್ಟು ದೂರ ಹೋಗುತ್ತದೆ?

ಊರವರಿಗೆ ಇದು ಗೊತ್ತಿದೆ ಅನ್ನಿಸುತ್ತದೆ. ಕೆರೆ ತುಂಬಿದರೆ ಬೋರು ಬರುತ್ತದೆ ಅನ್ನುತ್ತಾರೆ. ಎಷ್ಟು, ಎಲ್ಲಿಯವರೆಗೆ ಅನ್ನುವುದಕ್ಕೆ ನೀರಿನ ಬೆರಳಚ್ಚು ಬೇಕು. ಕೆರೆಯ ನೀರು ಬಿಸಿಲಿಗೆ ಆವಿಯಾಗುವಾಗ ಹಗುರವಾದ ಅಣುಗಳು ಮೊದಲು ಹಾರಿಹೋಗುತ್ತವೆ. ಆಮ್ಲಜನಕ-18, ಡ್ಯುಟೀರಿಯಂ ಇರುವ ಭಾರದ ಅಣುಗಳು ಹಿಂದೆ ಉಳಿಯುತ್ತವೆ. ಹೊಲದಲ್ಲಿ ಬಿದ್ದು ನೇರ ಇಂಗಿದ ಮಳೆನೀರಿಗೆ ಆ ಗುರುತು ಇರುವುದಿಲ್ಲ. ಬೋರ್‌ವೆಲ್ ನೀರಿನಲ್ಲಿ ಆ ಭಾರದ ಗುರುತು ಸಿಕ್ಕರೆ ಅದು ಕೆರೆಯಲ್ಲಿ ಕೂತೆದ್ದು ಬಂದ ನೀರು. ಅಳೆಯುವ ಯಂತ್ರವೂ ಆ ಯಂತ್ರದ ಮುಂದೆ ಇಪ್ಪತ್ತು ವರ್ಷ ಕೂತ ಅನುಭವವೂ ತುಲೂಸ್‌ನಲ್ಲಿದ್ದವು. ಕೆರೆ, ಬೋರ್‌ವೆಲ್, ರೈತರ ಪರಿಚಯ ನನ್ನ ಬಳಿ ಇದ್ದವು. ಅರ್ಜಿಯಲ್ಲಿ ‘ಪರಸ್ಪರ ಪೂರಕತೆ’ ಎಂಬ ತಲೆಬರಹದ ಕೆಳಗೆ ಒಂದು ಪುಟ ಬರೆದೆವು. ನಿಜದಲ್ಲಿ ವಿಷಯ ಇಷ್ಟೇ.

ಅರ್ಜಿಗಿಂತ ಬಜೆಟ್ ಪಟ್ಟಿ ಕಷ್ಟದ್ದು. ಫ್ರಾನ್ಸ್ ಕಡೆ ಕಾಯಂ ಸಂಶೋಧಕರ ಸಂಬಳ ಅವರ ಸಂಸ್ಥೆಯೇ ಕೊಡುವುದರಿಂದ ಅದು ಅನುದಾನದ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಮುಖ್ಯ ಖರ್ಚು ಯಂತ್ರದ ಸಮಯ, ಪ್ರಯಾಣ, ನಮ್ಮ ವಿದ್ಯಾರ್ಥಿನಿ ಹೋದಾಗಿನ ವಾಸ. ನಮ್ಮ ಕಡೆ ತಲೆಬರಹಗಳು ಮೊದಲೇ ಅಚ್ಚಾಗಿರುತ್ತವೆ: ಉಪಕರಣ, ಮ್ಯಾನ್‌ಪವರ್, ಕನ್ಸ್ಯೂಮಬಲ್ಸ್, ಟ್ರಾವೆಲ್, ಕಂಟಿಂಜೆನ್ಸಿ (ಚಿಲ್ಲರೆ ಖರ್ಚು), ಓವರ್‌ಹೆಡ್. ಊರಿನಲ್ಲಿ ವಾರವಾರ ನೀರಿನ ಮಟ್ಟ ಅಳೆದು ಬರೆದಿಡುವವರಿಗೆ ಕೊಡುವ ದುಡ್ಡು ಯಾವ ತಲೆಬರಹಕ್ಕೂ ಸೇರುವುದಿಲ್ಲ. ಅದನ್ನು ಕಂಟಿಂಜೆನ್ಸಿಯೊಳಗೆ ಇಟ್ಟೆ. ಇಡೀ ಯೋಜನೆಯಲ್ಲಿ ಅತಿ ಕಡಿಮೆ ದುಡ್ಡು ಅದಕ್ಕೇ ಹೋದದ್ದು, ಅತಿ ಹೆಚ್ಚು ಬೆಲೆಯ ಅಂಕಿಗಳು ಬಂದದ್ದೂ ಅಲ್ಲಿಂದಲೇ.

ಉಪಕರಣದ ಪಟ್ಟಿಯಲ್ಲಿ ಹನ್ನೆರಡು ಲಾಗರ್ ಇದ್ದವು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಗೇಣುದ್ದದ ಸ್ಟೀಲ್ ಕೊಳವೆ. ಹಗ್ಗ ಕಟ್ಟಿ ಬೋರ್‌ವೆಲ್‌ಗೆ ಇಳಿಬಿಟ್ಟರೆ ಮೇಲಿನ ನೀರು, ಗಾಳಿ ಎರಡರ ಒತ್ತಡವನ್ನೂ ಕೂಡಿಸಿ ಹದಿನೈದು ನಿಮಿಷಕ್ಕೊಮ್ಮೆ ಬರೆದುಕೊಳ್ಳುತ್ತದೆ. ತೆರಿಗೆ ಬಿಟ್ಟು 10 ಲಕ್ಷ ರೂಪಾಯಿ, ಅದರ ಮೇಲೆ ಶೇ. 5 ಜಿಎಸ್‌ಟಿ ಎಂದು ಬರೆದಿದ್ದೆ. ಸಾರ್ವಜನಿಕ ಸಂಶೋಧನಾ ಸಂಸ್ಥೆಗಳಿಗೆ ಆಗ ಇದ್ದ ರಿಯಾಯಿತಿ ದರ ಅದು. 2022ರ ಜುಲೈ 18ರಿಂದ ಆ ರಿಯಾಯಿತಿ ಹೋಯಿತು, ಶೇ. 18 ಆಯಿತು. ನಮ್ಮ ಮಂಜೂರಾತಿ ಆದೇಶ ಬಂದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ, ಅರ್ಜಿಯಲ್ಲಿದ್ದ ಹಳೆಯ ಮೊತ್ತಕ್ಕೇ. 1,30,000 ರೂಪಾಯಿ ಒಂದೇ ಏಟಿಗೆ ತೆರಿಗೆಗೆ ಹೋಯಿತು, ಎರಡು ಲಾಗರ್ ಕೈಬಿಟ್ಟೆವು. ಉಳಿದ ಹತ್ತರಲ್ಲಿ ಒಂದು ಗಾಳಿಯ ಒತ್ತಡ ಅಳೆಯುವಂಥದ್ದು, ನೀರಿಗೆ ಇಳಿಯದೆ ಬೋರ್‌ವೆಲ್ ಬಾಯಿಯ ಹತ್ತಿರ ತೂಗುವುದು. ಉಳಿದವುಗಳ ಅಂಕಿಯಿಂದ ಅದರ ಅಂಕಿ ಕಳೆದರೆ ನೀರಿನ ಒತ್ತಡ ಸಿಗುತ್ತದೆ. ಅದನ್ನೂ ಬಿಟ್ಟು ಆ ದುಡ್ಡಿಗೆ ಇನ್ನೊಂದು ಬೋರ್‌ವೆಲ್ ಅಳೆಯೋಣ ಎಂದು ನಾನು ವಾದಿಸಿದೆ. ಸಹಸಂಶೋಧಕಿ ಒಪ್ಪಲೇ ಇಲ್ಲ. ಅವರು ಸರಿ, ನಾನು ತಪ್ಪು ಎಂದು ಮುಂದೆ ಗೊತ್ತಾಯಿತು.

ಮೊದಲ ಕಂತಿನ ಹಣ 2023ರ ಜನವರಿಯಲ್ಲಿ ಬಿಡುಗಡೆಯಾಯಿತು. ‘ಬಿಡುಗಡೆ’ ಅನ್ನುವ ಪದ ನೋಡಿ ಹಣ ನಮ್ಮ ಖಾತೆಗೆ ಬಂತೆಂದು ತಿಳಿಯಬಾರದು. ಈಗಿನ ವ್ಯವಸ್ಥೆಯಲ್ಲಿ ನಮ್ಮದು ಶೂನ್ಯ ಶಿಲ್ಕಿನ ಖಾತೆ, ಹಣ ಮೇಲೆಯೇ ಇರುತ್ತದೆ. ನಮಗೆ ಸಿಗುವುದು ಇಷ್ಟರವರೆಗೆ ಖರ್ಚು ಮಾಡಬಹುದು ಎಂಬ ಮಿತಿ ಮಾತ್ರ. ಸರ್ಕಾರದ ಹಣ ಬ್ಯಾಂಕುಗಳಲ್ಲಿ ಸುಮ್ಮನೆ ಕೂರಬಾರದು ಎಂಬ ಉದ್ದೇಶ ಒಳ್ಳೆಯದೇ. ಆದರೆ ಆ ಖಾತೆಯನ್ನು ಪಿಎಫ್‌ಎಂಎಸ್ ಎಂಬ ಕೇಂದ್ರ ಸರ್ಕಾರದ ಹಣ ಪಾವತಿಯ ಪೋರ್ಟಲ್‌ನಲ್ಲಿ ನಮ್ಮ ಯೋಜನೆಗೆ ಜೋಡಿಸಬೇಕು, ಬಿಲ್ಲು ತಯಾರಿಸುವವರಿಗೆ ಒಂದು, ಒಪ್ಪಿಗೆ ಕೊಡುವವರಿಗೆ ಒಂದು ಐಡಿ ಆಗಬೇಕು, ಡಿಜಿಟಲ್ ಸಹಿ ಬರಬೇಕು. ನಮ್ಮಲ್ಲಿ ಈ ಬಗೆಯ ಯೋಜನೆ ಅದೇ ಮೊದಲು. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಿ ಬರುವುದರಲ್ಲಿ ಫೆಬ್ರವರಿ ಕಳೆಯಿತು. ಮಾರ್ಚ್ ಮೂರನೇ ವಾರ ಎಲ್ಲವೂ ಸರಿಹೋಯಿತು. ಮಾರ್ಚ್ 31ರ ರಾತ್ರಿ ಮಿತಿ ಶೂನ್ಯವಾಯಿತು.

ಏಪ್ರಿಲ್ 1ರ ಬೆಳಗ್ಗೆ ಪರದೆ ಮೇಲೆ ಸೊನ್ನೆ ಕಂಡಾಗ ನನಗೆ ಅಳು ಬಂದಿತ್ತು. ಹಣ ಎಲ್ಲೂ ಕಳೆದುಹೋಗಿರಲಿಲ್ಲ, ಹೊಸ ಆರ್ಥಿಕ ವರ್ಷದ ಮಿತಿ ಬರುವವರೆಗೆ ಕಾಯಬೇಕಿತ್ತು. ಅದು ಬಂದದ್ದು ಆಗಸ್ಟ್‌ನಲ್ಲಿ. ನನ್ನ ಸಂಕಟ ದುಡ್ಡಿನದಲ್ಲ. ಗುಂಡ್ಲುಪೇಟೆ ಕಡೆ ಏಪ್ರಿಲ್ ಕೊನೆಗೆ ಭರಣಿ ಮಳೆ ಹಿಡಿದರೆ ಸೂರ್ಯಕಾಂತಿ ಬಿತ್ತುತ್ತಾರೆ. ಭರಣಿ ಸುರಿದರೆ ಧರಣಿಯೆಲ್ಲಾ ಬೆಳೆ ಅನ್ನುವ ಮಾತನ್ನು ಅಲ್ಲಿನ ಹೊಲಗಳಲ್ಲಿ ಕಣ್ಣಾರೆ ಕಾಣಬಹುದು. ಮಳೆಗೆ ಮುಂಚೆ ಅಂತರ್ಜಲ ಅತಿ ಕೆಳಗಿರುವ ಆ ಹೊತ್ತಿನ ಅಳತೆಯೇ ನಮಗೆ ಬುನಾದಿ. ಅದು ತಪ್ಪಿದರೆ ಆ ವರ್ಷ ನೀರು ಎಷ್ಟು ಏರಿತು ಎಂದು ಹೇಳಲು ಬರುವುದಿಲ್ಲ. ದೆಹಲಿಯ ಆರ್ಥಿಕ ವರ್ಷವೂ ನಮ್ಮ ನೀರಿನ ವರ್ಷವೂ ಸರಿಸುಮಾರು ಒಂದೇ ಕಾಲಕ್ಕೆ ಶುರುವಾಗುತ್ತವೆ. ಹಾಗಾಗಿ ಕೈಯಲ್ಲಿ ದುಡ್ಡು ಇಲ್ಲದ ತಿಂಗಳುಗಳೂ ಅಳೆಯಲೇಬೇಕಾದ ತಿಂಗಳುಗಳೂ ಒಂದರ ಮೇಲೊಂದು ಬಂದು ಕೂರುತ್ತವೆ. ಹೊಲದಲ್ಲಿ ಕೆಲಸ ಮಾಡುವ ಸಂಶೋಧಕರು ಇದನ್ನು ಜೋರಾಗಿ ಹೇಳಬೇಕು. ಪ್ರಯೋಗಶಾಲೆಯ ಯಂತ್ರ ಮೂರು ತಿಂಗಳು ತಡವಾಗಿ ಬಂದರೆ ಪ್ರಯೋಗ ಮೂರು ತಿಂಗಳು ತಡ. ನಮಗೆ ಮೂರು ತಿಂಗಳು ತಡವಾದರೆ ಒಂದು ವರ್ಷ ಪೂರ್ತಿ ಹೋಗುತ್ತದೆ.

ಸಹಸಂಶೋಧಕಿಗೆ ವಿಷಯ ಬರೆದೆ. ಅವರ ಪ್ರಯೋಗಾಲಯದ ಬೀರುವಿನಲ್ಲಿ ಹಳೆಯ ಲಾಗರ್‌ಗಳು ನಾಲ್ಕಿದ್ದವು. ಏಪ್ರಿಲ್ ಕೊನೆಯ ವಾರ ಅವರು ಬೆಂಗಳೂರಿಗೆ ಬಂದಿಳಿದಾಗ ಆ ನಾಲ್ಕೂ ಅವರ ಕೈಚೀಲದಲ್ಲಿದ್ದವು, ಜೊತೆಗೆ ಕಸ್ಟಮ್ಸ್‌ಗೆ ತೋರಿಸಲು ಮರಳಿ ಒಯ್ಯುತ್ತೇವೆ ಎಂಬ ಪತ್ರ. ಒಳಗೆ ಲಿಥಿಯಂ ಬ್ಯಾಟರಿ ಇರುವುದರಿಂದ ಕೊರಿಯರ್‌ನಲ್ಲಿ ಕಳಿಸುವುದು ಬೇರೆಯದೇ ತಾಪತ್ರಯ. ಮಾರನೇ ದಿನವೇ ನಾವು ಊರಿನಲ್ಲಿದ್ದೆವು.

ಲಾಗರ್ ಇಳಿಸಲು ಪಂಪು ಇಲ್ಲದ ಬೋರ್‌ವೆಲ್ ಬೇಕು, ಅಂದರೆ ಕೈಕೊಟ್ಟ ಬೋರು. ಕೆರೆ ಏರಿಯ ಕೆಳಗೆ, ತೂಬಿನಿಂದ ಕೂಗಳತೆಯಲ್ಲಿ ಅಂಥದೊಂದು ಇತ್ತು. ಬಾಯಿಗೆ ಚಪ್ಪಡಿ ಕಲ್ಲು ಎಳೆದು, ಮೇಲೆ ಮುಳ್ಳು ಹಾಕಿದ್ದರು. ಹೊಲದ ಯಜಮಾನರಿಗೆ ಎಪ್ಪತ್ತು ದಾಟಿದೆ. ಅವರ ಮೊದಲ ಪ್ರಶ್ನೆ, “ಇದು ಮೀಟ್ರು ಅಲ್ಲ ತಾನೆ?” ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ, ಅದಕ್ಕೆ ಲೆಕ್ಕ ಹಾಕಲು ಸರ್ಕಾರದವರು ಬಂದಿದ್ದಾರೆ ಎಂಬ ಅಳುಕು ಊರಿನಲ್ಲೆಲ್ಲಾ ಇತ್ತು. ಅಲ್ಲ ಎಂದು ಹೇಳಿದರೆ ಸಾಲದು. ಲಾಗರ್ ಅವರ ಕೈಗೇ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು, ಕಿವಿಗೆ ಹಿಡಿದರು. “ಸದ್ದೇ ಇಲ್ವಲ್ಲ” ಅಂದರು. ಆಮೇಲೆ ತಾವೇ ಹಾರೆ ತಂದು ಚಪ್ಪಡಿ ಸರಿಸಿದರು.

ಅಳೆಯುವ ಟೇಪಿನ ತುದಿಯಲ್ಲಿ ಒಂದು ಮೊಳೆಯಿರುತ್ತದೆ, ನೀರು ಮುಟ್ಟಿದೊಡನೆ ಮೇಲೆ ಬೀಪ್ ಎನ್ನುತ್ತದೆ. ಟೇಪು ಬಿಡುತ್ತಾ ಹೋದೆವು. ಹತ್ತು ಮೀಟರ್, ಇಪ್ಪತ್ತು, ಇಪ್ಪತ್ತೈದು. ಕೇಸಿಂಗ್ ಪೈಪಿನೊಳಗಿಂದ ತಣ್ಣನೆಯ, ಮಣ್ಣು ನೆನೆದ ವಾಸನೆ ಬರುತ್ತಿತ್ತು. 31.62ಕ್ಕೆ ಬೀಪ್ ಎಂದಿತು. ಯಜಮಾನರು ನನ್ನ ಕಡೆ ನೋಡಿ, “ನೀರದೆ!” ಅಂದರು. ಏಳು ವರ್ಷದಿಂದ ಸತ್ತಿದೆ ಎಂದುಕೊಂಡಿದ್ದ ಬೋರು ಅದು. ಪಂಪಿಗೆ ಸಾಲುವಷ್ಟು ಇರಲಿಲ್ಲ ನಿಜ, ಆದರೆ ನೀರಿತ್ತು.

ಸಹಸಂಶೋಧಕಿ ನನ್ನ ಮೂಲಕ ಕೇಳಿದ ಒಂದು ಪ್ರಶ್ನೆ ನಮ್ಮ ಕೆಲಸದ ದಿಕ್ಕನ್ನೇ ಬದಲಿಸಿತು. “ಇಪ್ಪತ್ತು ವರ್ಷದ ಹಿಂದೆ ಇಲ್ಲಿ ನೀರು ಎಷ್ಟು ಕೆಳಗಿತ್ತು?” ಆ ಹೊಲದ್ದು ಯಾವ ದಾಖಲೆಯೂ ನನ್ನ ಬಳಿ ಇರಲಿಲ್ಲ. ಅನುವಾದ ಮಾಡಿ ಕೇಳಿದೆ, ಉತ್ತರ ಸಿಗುತ್ತದೆ ಎಂಬ ನಂಬಿಕೆ ಇಲ್ಲದೆಯೇ. ಯಜಮಾನರು ಏರಿಯ ಮೇಲೆ ಕೂತು ಬೆರಳು ಮಡಚುತ್ತಾ ಹೋದರು. ದೊಡ್ಡ ಮಗ ಶಾಲೆಗೆ ಸೇರಿದ ವರ್ಷ, 1996, ಮೊದಲ ಬೋರು, ನೂರಾ ಅರವತ್ತು ಅಡಿ, ಅರವತ್ತರಲ್ಲೇ ನೀರು ಚಿಮ್ಮಿತ್ತು. 2003, ಮುನ್ನೂರು. ಮಗಳ ಮದುವೆ ಮಾಡಿದ ವರ್ಷ, 2011, ಐನೂರೈವತ್ತು. 2016ರಲ್ಲಿ ಎಂಟುನೂರು ಅಡಿಯ ಎರಡು, ಒಂದರಲ್ಲಿ ಬರೀ ದೂಳು. ಇಷ್ಟು ಕರಾರುವಾಕ್ಕಾಗಿ ಹೇಗೆ ನೆನಪಿದೆ ಎಂದು ಕೇಳಿದೆ. “ನೀರು ಎಷ್ಟಡಿಲಿ ಸಿಕ್ತು ಅನ್ನೋದ ಯಾರ್ ಮರೀತಾರೆ ಅವ್ವಾ? ಸಾಲ ಮಾಡಿ ಕೊರೆಸಿದ್ದಲ್ವಾ?” ಅಂದರು.

ಆ ಮಾತನ್ನು ನಾನು ಫ್ರೆಂಚಿಗಲ್ಲ, ಇಂಗ್ಲಿಷಿಗೆ ಹೇಳುವುದರಲ್ಲೇ ಗಂಟಲು ಕಟ್ಟಿತು. ಸಹಸಂಶೋಧಕಿ ನೋಟ್‌ಬುಕ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೆಲಸದ ಹಂತಗಳ ಪಟ್ಟಿಗೆ ಹೊಸದೊಂದನ್ನು ಸೇರಿಸಿದೆವು: ಸುತ್ತಲಿನ ಪ್ರತಿ ಹೊಲದ ಬೋರ್‌ವೆಲ್‌ಗಳ ಚರಿತ್ರೆ. ಆ ಸೀಮೆಯದು ಗಟ್ಟಿ ಕಲ್ಲಿನ ನೆಲ. ಮೇಲೆ ಹತ್ತು–ಇಪ್ಪತ್ತು ಮೀಟರ್ ಸವೆದು ಪುಡಿಯಾದ ಕಲ್ಲಿನ ಪದರ, ಊರವರು ಗರಸು ಅನ್ನುವುದು. ನೀರು ಹಿಡಿದಿಡುವ ಶಕ್ತಿಯೆಲ್ಲಾ ಬಹುಪಾಲು ಅದರದ್ದೇ. ಅದು ಒಣಗಿದ ಮೇಲೆ ಕೆಳಗಿನ ಬಂಡೆಯ ಬಿರುಕುಗಳಲ್ಲಿ ಸಿಕ್ಕಷ್ಟು ಮಾತ್ರ. ಯಾವ ಹೊಲದಲ್ಲಿ ಯಾವ ವರ್ಷ ಗರಸಿನ ನೀರು ಮುಗಿದು ಬಿರುಕಿಗೆ ಇಳಿದರು ಎಂಬುದು ಆ ಚರಿತ್ರೆಯಲ್ಲಿ ಸಾಲಾಗಿ ಕಾಣಿಸಿತು. ಎರಡು ಸರ್ಕಾರಗಳ ದುಡ್ಡಿನಲ್ಲಿ ತಂದ ಯಾವ ಉಪಕರಣಕ್ಕೂ ಹಿಂದಿನ ವರ್ಷಗಳನ್ನು ಅಳೆಯಲು ಬರುವುದಿಲ್ಲ.

ಆ ವರ್ಷ ಮಳೆ ಕೈಕೊಟ್ಟಿತು. 2023ರ ಆಗಸ್ಟ್ ಇಡೀ ದೇಶಕ್ಕೆ 1901ರಿಂದೀಚೆಗೆ ಅತಿ ಒಣ ಆಗಸ್ಟ್. ರಾಜ್ಯದಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದರು. ನಮ್ಮ ಹೊಸ ಲಾಗರ್‌ಗಳು ಬಂದು ಇಳಿದದ್ದು ಅಕ್ಟೋಬರ್‌ನಲ್ಲಿ, ಏರುವ ನೀರೇ ಇಲ್ಲದ ಕಾಲಕ್ಕೆ. ಸೂರ್ಯಕಾಂತಿ ಮೊಣಕಾಲೆತ್ತರಕ್ಕೆ ನಿಂತು ಒಣಗಿತ್ತು. ಅಂಥ ಹೊತ್ತಿನಲ್ಲಿ ಹೊಲಕ್ಕೆ ಹೋಗಿ ಅಳತೆ ತೆಗೆದುಕೊಂಡು ಬರುವುದು ಸುಲಭವಲ್ಲ. ಬರದ ವರ್ಷದ ಅಂಕಿ ವಿಜ್ಞಾನಕ್ಕೆ ಅಮೂಲ್ಯ ಎಂದು ತುಲೂಸ್‌ನಿಂದ ಬರೆದರು. ಅದು ನಿಜವೇ. ಆ ಮಾತನ್ನು ನಾನು ಯಜಮಾನರ ಮುಂದೆ ಎಂದೂ ಹೇಳಲಿಲ್ಲ.

ಲಾಗರ್ ಇರಲಿ ಬಿಡಲಿ, ಪ್ರತಿ ಶನಿವಾರ ಅವರು ಟೇಪು ಬಿಡುತ್ತಿದ್ದರು, ಒಂಬತ್ತನೇ ತರಗತಿಯ ಮೊಮ್ಮಗಳು ಬರೆದುಕೊಳ್ಳುತ್ತಿದ್ದಳು. ಅವರಿಗೆ ಒಂದು ಅಳತೆಗೆ ನೂರು ರೂಪಾಯಿ ಗೊತ್ತು ಮಾಡಿದ್ದೆ. ಬಿಲ್ಲೆಲ್ಲಿ, ಜಿಎಸ್‌ಟಿ ಸಂಖ್ಯೆ ಎಲ್ಲಿ ಎಂದು ಕಡತ ವಾಪಸ್ ಬಂತು. ನಮ್ಮ ಹಣಕಾಸು ವಿಭಾಗದಲ್ಲಿ ನಿವೃತ್ತಿಗೆ ಹತ್ತಿರವಿದ್ದ ಸೂಪರಿಂಟೆಂಡೆಂಟ್ ಒಬ್ಬರಿದ್ದರು. ಅವರು ನನ್ನನ್ನು ಕೂರಿಸಿಕೊಂಡು, “ಮೇಡಂ, ಇದಕ್ಕೆ ಬಿಲ್ಲು ಬೇಡ, ಕೈರಸೀದಿ ಮಾಡಿ. ಮಂಜೂರಾತಿಯಲ್ಲಿ ಕಂಟಿಂಜೆನ್ಸಿ ಅಂತ ಇದೆಯಲ್ಲ, ಆ ಸಾಲನ್ನು ಟಿಪ್ಪಣಿಯಲ್ಲಿ ಬರೀರಿ. ಮೊತ್ತ ಐದು ಸಾವಿರ ದಾಟಿದರೆ ರೆವಿನ್ಯೂ ಸ್ಟಾಂಪ್ ಮರೀಬೇಡಿ” ಎಂದು ಟಿಪ್ಪಣಿಯ ಒಕ್ಕಣೆಯನ್ನೂ ತಾವೇ ಹೇಳಿದರು. ನಮ್ಮ ಪ್ರಬಂಧದ ಕೃತಜ್ಞತೆಯ ಸಾಲಿನಲ್ಲಿ ಅವರ ಹೆಸರೂ ಯಜಮಾನರ ಹೆಸರೂ ಇವೆ. ಜಂಟಿ ಯೋಜನೆ ಮಾಡಹೊರಟ ಕಿರಿಯರಿಗೆ ನಾನು ಹೇಳುವುದು ಇದನ್ನೇ: ಅರ್ಜಿ ಬರೆಯುವ ಮೊದಲೇ ನಿಮ್ಮ ಹಣಕಾಸು ವಿಭಾಗಕ್ಕೆ ಹೋಗಿ ಚಹಾ ಕುಡಿದು ಬನ್ನಿ.

ಮಾದರಿಗಳನ್ನು ಕಳಿಸುವಾಗ ಇನ್ನೊಂದು ಪಾಠವಾಯಿತು. ಮಣ್ಣನ್ನೂ ತುಲೂಸ್‌ಗೆ ಕಳಿಸಬೇಕೆಂದಿದ್ದೆವು. ಐರೋಪ್ಯ ಒಕ್ಕೂಟದೊಳಕ್ಕೆ ಹೊರದೇಶದ ಮಣ್ಣು ಹೋಗುವಂತಿಲ್ಲ, ಕೀಟ ರೋಗಗಳ ಭಯ. ಸಂಶೋಧನೆಗೆಂದು ಮುಂಚಿತ ಅನುಮತಿ ಪತ್ರ ಪಡೆದರೆ ದಾರಿ ಇದೆ, ಆದರೆ ಅದಕ್ಕೆ ತಕ್ಕ ಪ್ರಯೋಗಾಲಯ ವ್ಯವಸ್ಥೆ ಅವರಲ್ಲಿರಲಿಲ್ಲ. ಮಣ್ಣು ಇಲ್ಲೇ ಉಳಿಯಿತು, ನೀರು ಮಾತ್ರ ಹೋಯಿತು. ಆ ನೀರು ತುಂಬುವುದೂ ಒಂದು ಕಸುಬು. ಬಾಟಲಿಯಲ್ಲಿ ಗಾಳಿ ಉಳಿದರೆ ನೀರು ಅದರೊಳಕ್ಕೆ ಆವಿಯಾಗಿ ಬೆರಳಚ್ಚೇ ಕೆಡುತ್ತದೆ. ಹಾಗಾಗಿ ಬಕೆಟ್ಟಿನೊಳಗೆ ಬಾಟಲಿ ಮುಳುಗಿಸಿ, ನೀರಿನೊಳಗೇ ಮುಚ್ಚಳ ತಿರುಗಿಸಿ, ಹೊರತೆಗೆದು ತಲೆಕೆಳಗು ಮಾಡಿ ಬೆಳಕಿಗೆ ಹಿಡಿಯಬೇಕು. ಸಾಸಿವೆಯಷ್ಟು ಗುಳ್ಳೆ ಮೇಲೇರಿದರೂ ಚೆಲ್ಲಿ ಮತ್ತೆ. ನನ್ನ ವಿದ್ಯಾರ್ಥಿನಿ ಮೊದಲ ದಿನ ಇಪ್ಪತ್ತು ಬಾಟಲಿಗೆ ಮೂರು ಗಂಟೆ ತೆಗೆದುಕೊಂಡಳು. ಆಮೇಲೆ ಮೊಮ್ಮಗಳು ಅವಳಿಗಿಂತ ಚೆನ್ನಾಗಿ ಕಲಿತಳು.

ವಿದ್ಯಾರ್ಥಿನಿ ತುಲೂಸ್‌ಗೆ ಹೋಗುವಾಗ ಇನ್ನೊಂದು ಪಂಚಾಂಗ ಎದುರಾಯಿತು. ಅಲ್ಲಿ ಲೆಕ್ಕದ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ನವೆಂಬರ್ ಬರುವ ಹೊತ್ತಿಗೆ ಖರ್ಚಿನ ಬಾಗಿಲು ಅರೆ ಮುಚ್ಚಿರುತ್ತದೆ. ಆಗಸ್ಟ್‌ನಲ್ಲಿ ಪ್ರಯೋಗಾಲಯಕ್ಕೆ ರಜೆ, ಮೇಲ್‌ಗೆ ಉತ್ತರ ಕೊಡುವವರಿಲ್ಲ. ಕೆಲವು ಫ್ರೆಂಚ್ ಪ್ರಯೋಗಾಲಯಗಳು ನಿರ್ಬಂಧಿತ ವಲಯದೊಳಗಿವೆ. ಹೊರಗಿನವರು ಕೆಲಸ ಮಾಡಲು ಮೊದಲೇ ಭದ್ರತಾ ಅನುಮತಿ ಬೇಕು, ಅದಕ್ಕೇ ಎರಡು ತಿಂಗಳು ಹಿಡಿಯುತ್ತದೆ. ಯಂತ್ರವಿದ್ದ ಕಟ್ಟಡ ಅಂಥ ವಲಯದಲ್ಲಿದೆ ಎಂದು ಗೊತ್ತಾದದ್ದು 2024ರ ಜುಲೈನಲ್ಲಿ. ಅನುಮತಿ, ಆತಿಥ್ಯದ ಕರಾರು, ವೀಸಾ ಮುಗಿದು ಅವಳು ವಿಮಾನ ಹತ್ತಿದಾಗ ಅಕ್ಟೋಬರ್ ಎರಡನೇ ವಾರ. ಟಿಕೆಟ್ ಬಗ್ಗೆಯೂ ಒಂದು ಮಾತು: ಸರ್ಕಾರಿ ಅನುದಾನದ ಪ್ರಯಾಣಕ್ಕೆ ಟಿಕೆಟನ್ನು ಗೊತ್ತುಪಡಿಸಿದ ಮೂರೇ ಏಜೆನ್ಸಿಗಳ ಮೂಲಕ ತೆಗೆಯಬೇಕು, ಬೋರ್ಡಿಂಗ್ ಪಾಸ್ ಜೋಪಾನ ಮಾಡಬೇಕು. ಅವಳು ಅದನ್ನು ಪಾಸ್‌ಪೋರ್ಟ್ ಕವರಿನೊಳಗೆ ಇಟ್ಟು, ಫೋಟೋ ತೆಗೆದು ನನಗೆ ಕಳಿಸಿದ ಮೇಲೆಯೇ ಮಲಗಿದಳಂತೆ.

ತುಲೂಸ್‌ನಲ್ಲಿ ಕೂತು ನಮ್ಮ ಲಾಗರ್‌ಗಳ ಅಂಕಿಗಳನ್ನು ಬಿಡಿಸುವಾಗ ಅವಳು ಒಂದು ವಿಚಿತ್ರ ಕಂಡಳು. ಪ್ರತಿ ಬೋರ್‌ವೆಲ್‌ನಲ್ಲೂ ದಿನಕ್ಕೆ ಎರಡು ಸಲ, ತಪ್ಪದೆ, ಎರಡು ಮೂರು ಸೆಂಟಿಮೀಟರ್ ಏರಿಳಿತ. ಹತ್ತಿರದಲ್ಲಿ ಪಂಪು ಓಡುತ್ತಿದೆ ಎಂದುಕೊಂಡಳು. ಆದರೆ ಕರೆಂಟು ಒಂದೊಂದು ದಿನ ಒಂದೊಂದು ಹೊತ್ತಿಗೆ ಬರುತ್ತದೆ, ಈ ಏರಿಳಿತ ಮಾತ್ರ ಗಡಿಯಾರದಂತೆ. ಬೋರ್‌ವೆಲ್ ಬಾಯಲ್ಲಿ ತೂಗಿಸಿದ್ದ ಆ ಒಂದು ಲಾಗರ್‌ನ ಅಂಕಿಗಳನ್ನು ಪಕ್ಕದಲ್ಲಿಟ್ಟಾಗ ಎರಡೂ ಗೆರೆ ಒಂದರ ಮೇಲೊಂದು ಕೂತವು. ಗಾಳಿಯ ಒತ್ತಡ ಉಷ್ಣವಲಯದಲ್ಲಿ ದಿನಕ್ಕೆರಡು ಸಲ ಸಮುದ್ರದ ಭರತ–ಇಳಿತದಂತೆ ಏರಿಳಿಯುತ್ತದೆ. ತುಲೂಸ್‌ನಲ್ಲಿ ಒತ್ತಡ ಬದಲಾಗುವುದು ಬಿರುಗಾಳಿ ಮೋಡಗಳು ಬಂದು ಹೋದಂತೆ, ಇಷ್ಟು ನೇಮದ ಅಲೆ ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ಪ್ರಯೋಗಾಲಯದ ಅರ್ಧ ಮಂದಿ ಅವಳ ಪರದೆಯ ಹಿಂದೆ ಬಂದು ನಿಂತರಂತೆ. ಆ ಲಾಗರ್ ಬಿಟ್ಟು ಇನ್ನೊಂದು ಬೋರ್ ಅಳೆಯೋಣ ಎಂದಿದ್ದ ನನಗೆ ಅವತ್ತು ರಾತ್ರಿ ಸಹಸಂಶೋಧಕಿಗೆ ಫೋನ್ ಮಾಡದೆ ಇರಲಾಗಲಿಲ್ಲ.

2024ರಲ್ಲಿ ಮಳೆ ಚೆನ್ನಾಗಿ ಬಂತು, ಕೆರೆಯಲ್ಲೂ ನೀರು ನಿಂತಿತು. ಏರಿಯ ಕೆಳಗಿನ ಮೂರು ಬೋರ್‌ವೆಲ್‌ನಲ್ಲಿ ಕೆರೆಯ ಬೆರಳಚ್ಚು ಸ್ಪಷ್ಟವಾಗಿ ಸಿಕ್ಕಿತು. ಮುಂದಿನ ಹಳ್ಳದ ಆಚೆ ಸಿಗಲಿಲ್ಲ, ಅಲ್ಲಿ ಏರಿದ ನೀರು ಹೊಲದಲ್ಲೇ ಇಂಗಿದ ಮಳೆಯದು. ಒಂದು ಕೆರೆಯ, ಎರಡು ವರ್ಷದ ಮಾತು ಇದು. ಇದನ್ನು ಹಿಡಿದು ಇಡೀ ತಾಲ್ಲೂಕಿನ ಬಗ್ಗೆ ಹೇಳಲು ನಾನು ಸಿದ್ಧಳಿಲ್ಲ.

ನಮ್ಮಿಬ್ಬರ ನಡುವೆ ಒಂದು ಗಟ್ಟಿ ಭಿನ್ನಾಭಿಪ್ರಾಯವೂ ಬಂತು. ಅವರ ಅನುದಾನದ ಷರತ್ತಿನಂತೆ ಅಂಕಿಗಳೆಲ್ಲ ಎಲ್ಲರಿಗೂ ಸಿಗುವಂತೆ ತೆರೆದಿಡಬೇಕು. ತತ್ವವಾಗಿ ನಾನೂ ಅದರ ಪರವೇ. ಆದರೆ ಬೋರ್‌ವೆಲ್‌ನ ನಿಖರ ಜಾಗದ ಜೊತೆ ನೀರಿನ ಮಟ್ಟ ಹಾಕಿದರೆ ಯಾರ ಹೊಲದಲ್ಲಿ ಎಷ್ಟು ನೀರಿದೆ ಎಂದು ಊರಿಗೇ, ಬಡ್ಡಿ ವ್ಯಾಪಾರಿಗೂ, ಜಮೀನು ಕೊಳ್ಳಬಂದವನಿಗೂ ತಿಳಿಯುತ್ತದೆ. ಮೂರು ವಾರ ಮೇಲ್‌ಗಳು ಓಡಾಡಿದವು. ಕೊನೆಗೆ ಅವರೇ ಹೇಳಿದರು, ಊರಿನಲ್ಲಿ ಕೇಳೋಣ ಎಂದು. ದೇವಸ್ಥಾನದ ಜಗಲಿಯ ಮೇಲೆ ಸಭೆ ಸೇರಿತು. ಅಂಕಿ ಕೊಡಿ, ಸರ್ವೆ ನಂಬರ್ ಕೊಡಬೇಡಿ ಎಂದರು. ಜಾಗದ ಗುರುತನ್ನು ಕಿಲೋಮೀಟರ್ ಮಟ್ಟಕ್ಕೆ ಮಸುಕು ಮಾಡಿ ಪ್ರಕಟಿಸಿದೆವು. ಅನುದಾನದವರೂ ಒಪ್ಪಿದರು.

ಯೋಜನೆ ಮುಗಿದ ಮೇಲೆ ಲೆಕ್ಕ ಒಪ್ಪಿಸುವ ಕೆಲಸ. ಸರ್ಕಾರದ ಹಣಕಾಸು ನಿಯಮಗಳ, ಅಂದರೆ ಜಿಎಫ್‌ಆರ್, 12-ಎ ನಮೂನೆಯ ಬಳಕೆ ಪ್ರಮಾಣಪತ್ರ, ಖರ್ಚಿನ ಪಟ್ಟಿ, ಉಪಕರಣಗಳ ಯಾದಿ, ಬೋರ್ಡಿಂಗ್ ಪಾಸುಗಳು, ಕೈರಸೀದಿಗಳ ಕಟ್ಟು. ಆ ಕಟ್ಟಿನಲ್ಲಿ ಯಜಮಾನರ ಸಹಿ ಮೊದಲು ಹೆಬ್ಬೆಟ್ಟು, ನಾಲ್ಕನೇ ರಸೀದಿಯಿಂದ ನಡುಗುವ ಅಕ್ಷರ. ಮೊಮ್ಮಗಳು ಕಲಿಸಿದ್ದಳು.

ಈಗ ಮತ್ತೊಂದು ಜಂಟಿ ಅರ್ಜಿ ಬರೆಯುತ್ತಿದ್ದೇವೆ. ಆರಂಭದ ದಿನಾಂಕದ ಕಾಲಂನಲ್ಲಿ ಸೆಪ್ಟೆಂಬರ್ ಎಂದು ಹಾಕಿದ್ದೇವೆ. ಆಗ ಹಣ ತಡವಾದರೂ ಮಾರ್ಚ್ 31ರೊಳಗೆ ಖರೀದಿ ಮುಗಿದು, ಭರಣಿಗೆ ಮೊದಲೇ ಲಾಗರ್ ನೀರಿಗಿಳಿದಿರುತ್ತದೆ. ಬಜೆಟ್ಟಿನಲ್ಲಿ ‘ಸ್ಥಳೀಯ ಅಳತೆಗಾರರ ಗೌರವಧನ’ ಎಂದು ಬೇರೆಯೇ ಸಾಲು ಬರೆದಿದ್ದೇನೆ. ತಲೆಬರಹದ ಪಟ್ಟಿಯಲ್ಲಿ ಇಲ್ಲ ಎಂದು ತೆಗೆದುಹಾಕಿದರೆ ಮತ್ತೆ ಬರೆಯುತ್ತೇನೆ.

ಎರಡು ಅನುದಾನಗಳ ನಡುವಿನ ಈ ತಿಂಗಳುಗಳಿಗೆ ದುಡ್ಡಿಲ್ಲ. ಯಜಮಾನರಿಗೆ ಅದನ್ನು ಹೇಳಿ, ಅಳತೆ ನಿಲ್ಲಿಸಿ ಎಂದಿದ್ದೆ. ಶನಿವಾರ ಬೆಳಗ್ಗೆ ಮೊಮ್ಮಗಳಿಂದ ವಾಟ್ಸಾಪ್ ಬಂತು. ನೋಟ್‌ಬುಕ್ಕಿನ ಪುಟದ ಫೋಟೋ, 22.18 ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾಳೆ. ಅದರ ಹಿಂದೆಯೇ ಇನ್ನೊಂದು ಸಾಲು: “ಟೇಪಿನ ಬ್ಯಾಟರಿ ಮುಗೀತಾ ಬಂದದೆ ಮೇಡಂ, ಬರುವಾಗ ತನ್ನಿ. ಒಂಬತ್ತು ವೋಲ್ಟಿಂದು, ಚೌಕಾಕಾರದ್ದು.”